ಕ್ರುಸೇಡ್ ಪಾಠದಲ್ಲಿ ಶಾಂತಿಯ ಕತೆಗಳನ್ನು ಹೇಳುವುದು ಹೇಗೆ

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವರಿಗೆ ಕ್ರುಸೇಡ್ ಪಾಠ ಸುಲಭದ್ದಲ್ಲ. ಇಸವಿಗಳೇನೋ ಬೇಗ ಮುಗಿಯುತ್ತವೆ. 1095ರಲ್ಲಿ ಪೋಪ್ ಎರಡನೇ ಅರ್ಬನ್, ಮುಸ್ಲಿಮರ ಕೈಯಲ್ಲಿದ್ದ ಪವಿತ್ರ ನಾಡಿಗಾಗಿ ಧರ್ಮಯುದ್ಧದ ಕರೆ ಕೊಟ್ಟ. 1099ರಲ್ಲಿ ಕ್ರೈಸ್ತ ಸೈನ್ಯ ಜೆರುಸಲೇಂ ಹಿಡಿಯಿತು. 1187ರಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್ ಅದನ್ನು ಮರಳಿ ಗೆದ್ದ. 1291ರಲ್ಲಿ ಅಕ್ಕಾ ಬಂದರು ಬಿತ್ತು. ಇಷ್ಟು ಬರೆಸಿದರೆ ಪರೀಕ್ಷೆಗೆ ಸಾಕು. ಆದರೆ ನನ್ನ ತರಗತಿಯಲ್ಲಿ ಚರ್ಚಿಗೆ ಹೋಗುವವರು, ಮಸೀದಿಗೆ ಹೋಗುವವರು, ದೇವಸ್ಥಾನಕ್ಕೆ ಹೋಗುವವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಬರೀ ಇಸವಿ ಹೇಳಿದರೆ ಅವರಿಗೆ ಎರಡು ತಂಡಗಳ ಮ್ಯಾಚಿನ ಸ್ಕೋರು ಕೇಳಿದ ಹಾಗಾಗುತ್ತದೆ. ಯಾರು ಗೆದ್ದರು, ಯಾರು ಸೋತರು, ನೀನು ಯಾರ ಕಡೆ?

ಅದೇ ಇನ್ನೂರು ವರ್ಷಗಳಲ್ಲಿ, ಅದೇ ಊರುಗಳಲ್ಲಿ, ಎರಡೂ ಮತದವರು ಒಟ್ಟಿಗೆ ವ್ಯಾಪಾರ ಮಾಡಿದರು. ಒಂದೇ ಜಾಗದಲ್ಲಿ ಪ್ರಾರ್ಥಿಸಿದರು. ಶತ್ರುವಿನ ಡೇರೆಗೆ ಹೋಗಿ ಮಾತಾಡಿ, ಜೀವಂತ ವಾಪಸು ಬಂದರು. ಇದನ್ನು ಬರೆದಿಟ್ಟವರು ಆ ಕಾಲದವರೇ, ಹಲವರು ಕಣ್ಣಾರೆ ನೋಡಿದವರು. ಈ ಕತೆಗಳು ಮಕ್ಕಳಿಗೆ ಸಿಗಲೇಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಆದರೆ ಹೇಳುವ ಬಗೆ ತಪ್ಪಿದರೆ ಅವು ಸಕ್ಕರೆ ಅದ್ದಿದ ನೀತಿಕತೆಗಳಾಗಿಬಿಡುತ್ತವೆ. ಹಾಗಾಗದಂತೆ ನಾನು ಹೇಗೆ ಹೇಳುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ಮಕ್ಕಳಿಗೆ ಇತಿಹಾಸ ಹೇಳುವ ಅಪ್ಪ ಅಮ್ಮಂದಿರಿಗೂ ಇದು ಬಳಕೆಗೆ ಬಂದೀತು.

ಮೊದಲು ಯುದ್ಧವನ್ನೇ ಹೇಳಿ

ಶಾಂತಿಯ ಕತೆಯಿಂದ ಶುರು ಮಾಡಬೇಡಿ. 1099ರ ಜುಲೈ 15ರಂದು ಜೆರುಸಲೇಂ ಗೋಡೆ ದಾಟಿದ ಸೈನ್ಯ ಅಲ್ಲಿದ್ದ ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದಿತು. ಇದನ್ನು ನೇರವಾಗಿ ಹೇಳಿ. 1187ರಲ್ಲಿ ಸಲಾದಿನ್ ನಗರ ಹಿಡಿದಾಗ ಅಂಥ ಕಗ್ಗೊಲೆ ಆಗಲಿಲ್ಲ, ಹಣ ಕಟ್ಟಿದವರನ್ನು ಬಿಟ್ಟ. ಗಂಡಸಿಗೆ 10 ದಿನಾರ್, ಹೆಂಗಸಿಗೆ 5. ಕಟ್ಟಲಾಗದ ಸಾವಿರಾರು ಬಡವರು ಗುಲಾಮರಾದರು. ಆ ಕೊನೆಯ ವಾಕ್ಯವನ್ನು ಬಿಡಬೇಡಿ. ಬಿಟ್ಟರೆ ಮುಂದೆ ನೀವು ಹೇಳುವ ಒಳ್ಳೆಯ ಮಾತುಗಳನ್ನೂ ಮಕ್ಕಳು ಪೂರ್ತಿ ನಂಬುವುದಿಲ್ಲ.

ಹಾಗಂತ ರಕ್ತ ಬಣ್ಣಿಸುತ್ತಾ ಕೂರಬೇಕಾಗಿಲ್ಲ. ಐದು ನಿಮಿಷ ಸಾಕು. ಆಮೇಲೆ ಬೋರ್ಡಿನ ಮೇಲೆ ಕೈಯಲ್ಲೇ ನಕಾಶೆ ಬರೆಯಿರಿ. ಮೆಡಿಟರೇನಿಯನ್ ಸಮುದ್ರದ ಪೂರ್ವದ ಅಂಚು, ಕೆಳಗೆ ನೈಲ್ ನದಿಯ ಬಾಯಿ. ಅಷ್ಟರಲ್ಲಿ ಆರೇ ಚುಕ್ಕಿ ಇಡಿ: ಡಾಮಿಯೆಟ್ಟಾ, ಜಾಫಾ, ಜೆರುಸಲೇಂ, ಅಕ್ಕಾ, ಟೈರ್, ಡಮಾಸ್ಕಸ್. ಅಕ್ಕಾ ಹೆಸರು ಕೆಲವು ನಕಾಶೆಗಳಲ್ಲಿ ಏಕರ್ ಎಂದಿರುತ್ತದೆ, ಅದನ್ನೂ ಹೇಳಿಬಿಡಿ. ಡಮಾಸ್ಕಸ್ ಮುಸ್ಲಿಂ ದೊರೆಗಳದ್ದು, ಅಕ್ಕಾ ಫ್ರಾಂಕರದ್ದು, ಅಂದರೆ ಯುರೋಪಿನಿಂದ ಬಂದ ಕ್ರೈಸ್ತರದ್ದು. ನಡುವೆ ಕೆಲವೇ ದಿನಗಳ ದಾರಿ. ಈ ಹತ್ತಿರ ಕಣ್ಣಿಗೆ ಬಿದ್ದರೆ ಮುಂದಿನದೆಲ್ಲ ಸಲೀಸು.

ರಾಜರಿಗಿಂತ ಮೊದಲು ದಾರಿಹೋಕರು

ಇಬ್ನ್ ಜುಬೈರ್ ಸ್ಪೇನಿನ ಗ್ರನಾಡಾದಿಂದ ಹಜ್‌ಗೆ ಬಂದವನು. 1184ರಲ್ಲಿ ಡಮಾಸ್ಕಸ್‌ನಿಂದ ಅಕ್ಕಾಕ್ಕೆ ವ್ಯಾಪಾರಿಗಳ ಜೊತೆ ಹೊರಟ. ಸಲಾದಿನ್ ಆ ಹೊತ್ತಿಗೆ ಫ್ರಾಂಕರ ಕೆರಕ್ ಕೋಟೆಗೆ ಮುತ್ತಿಗೆ ಹಾಕಿದ್ದ. ಸೈನ್ಯಗಳು ಹೊಡೆದಾಡುತ್ತಿವೆ, ವ್ಯಾಪಾರಿಗಳ ಸಾಲು ಮಾತ್ರ ಎರಡೂ ಕಡೆಯಿಂದ ನಿಲ್ಲದೆ ಓಡಾಡುತ್ತಿದೆ. ಅವನಿಗೇ ಇದು ಅಚ್ಚರಿ. ಸುಂಕ ಎರಡೂ ಕಡೆಯವರೂ ತೆಗೆದುಕೊಳ್ಳುತ್ತಾರೆ, ವ್ಯಾಪಾರಿಯನ್ನು ಯಾರೂ ಮುಟ್ಟುವುದಿಲ್ಲ ಎಂದು ಬರೆಯುತ್ತಾನೆ.

ಅಕ್ಕಾದ ಸುಂಕದ ಕಟ್ಟೆಯಲ್ಲಿ ಕ್ರೈಸ್ತ ಗುಮಾಸ್ತರು ಅರಬ್ಬಿಯಲ್ಲೇ ಮಾತಾಡುತ್ತಿದ್ದರು, ಅರಬ್ಬಿಯಲ್ಲೇ ಲೆಕ್ಕ ಬರೆಯುತ್ತಿದ್ದರು. ಊರಿನ ದೊಡ್ಡ ಮಸೀದಿ ಚರ್ಚಾಗಿತ್ತು. ಆದರೆ ಒಂದು ಮೂಲೆಯನ್ನು ಮುಸ್ಲಿಂ ಪರದೇಶಿಗಳ ನಮಾಜಿಗೆ ಬಿಟ್ಟಿದ್ದರು. ಊರ ಹೊರಗೆ ಒಂದು ಪವಿತ್ರ ಚಿಲುಮೆ ಇತ್ತು. ಅಲ್ಲಿ ಮುಸ್ಲಿಮರು ತಮ್ಮ ದಿಕ್ಕಿಗೆ, ಕ್ರೈಸ್ತರು ತಮ್ಮ ದಿಕ್ಕಿಗೆ ತಿರುಗಿ ಪ್ರಾರ್ಥಿಸುತ್ತಿದ್ದರು.

ಇವನ್ನು ಹೇಳಿದ ಕೂಡಲೇ ಇನ್ನೊಂದು ಮಾತು ಹೇಳಿ. ಇದೇ ಇಬ್ನ್ ಜುಬೈರ್‌ಗೆ ಅಕ್ಕಾ ಹಿಡಿಸಲಿಲ್ಲ. ಗಲೀಜು ಊರು, ಹಂದಿ ಮತ್ತು ಶಿಲುಬೆ ತುಂಬಿದ ಊರು ಎಂದು ಬೈದ. ಫ್ರಾಂಕರ ಕೈಕೆಳಗಿನ ಮುಸ್ಲಿಂ ರೈತರು ಅರ್ಧ ಬೆಳೆ ಮತ್ತು ಒಂದಿಷ್ಟು ತಲೆಗಂದಾಯ ಕೊಟ್ಟು ನೆಮ್ಮದಿಯಾಗಿದ್ದಾರೆ, ತಮ್ಮವರೇ ಆಳುವ ಊರುಗಳಿಗಿಂತ ಚೆನ್ನಾಗಿದ್ದಾರೆ ಎಂದು ಅವನು ಬರೆದದ್ದು ಖುಷಿಯಿಂದಲ್ಲ, ಚಿಂತೆಯಿಂದ. ನಮ್ಮವರ ಮನಸ್ಸು ಆ ಕಡೆ ವಾಲಿಬಿಟ್ಟರೆ ಅನ್ನುವ ಭಯ ಅವನದು. ಅವನ ಮಾತಿಗೆ ತೂಕ ಬರುವುದು ಇಲ್ಲೇ. ಮೆಚ್ಚಲು ಮನಸ್ಸಿಲ್ಲದವನು ಒಪ್ಪಿಕೊಂಡ ಸಂಗತಿ ಸುಳ್ಳಾಗುವುದು ಕಷ್ಟ, ಅಲ್ವಾ? ಸಾಕ್ಷಿಯನ್ನು ತೂಗುವುದು ಹೇಗೆ ಎಂಬ ದೊಡ್ಡ ಪಾಠವನ್ನು ಒಂಬತ್ತನೇ ಕ್ಲಾಸಿನ ಮಕ್ಕಳು ಇಲ್ಲಿ ಸಲೀಸಾಗಿ ಹಿಡಿಯುತ್ತಾರೆ.

ಬಾಣದ ಗುರುತು ಹಾಕಿ ಹೇಳುವ ಕತೆ

ನನ್ನ ಮಕ್ಕಳಿಗೆ ಜಾಸ್ತಿ ಇಷ್ಟವಾಗುವುದು ಉಸಾಮಾ ಇಬ್ನ್ ಮುನ್ಕಿದ್ ಬರೆದ ಒಂದು ಘಟನೆ. ಉಸಾಮಾ 1095ರಲ್ಲಿ ಸಿರಿಯಾದ ಶೈಝರ್ ಕೋಟೆಯಲ್ಲಿ ಹುಟ್ಟಿದ. ಕ್ರುಸೇಡ್ ಕರೆ ಬಂದ ವರ್ಷವೇ! ಮೊದಲೇ ಇಸವಿ ಹೇಳಿದ್ದರೆ ಮಕ್ಕಳು ಇದನ್ನು ತಾವೇ ಕಂಡುಹಿಡಿಯುತ್ತಾರೆ. ಯೋಧ, ಕವಿ, ರಾಜತಂತ್ರಜ್ಞ, ತೊಂಬತ್ತು ದಾಟಿ ಬದುಕಿದ. ಮುದುಕನಾದ ಮೇಲೆ ತನ್ನ ನೆನಪುಗಳನ್ನು ಬರೆಸಿದ.

ಜೆರುಸಲೇಂನ ಅಲ್-ಅಕ್ಸಾ ಮಸೀದಿ ಆಗ ಟೆಂಪ್ಲರ್ ಎಂಬ ಕ್ರೈಸ್ತ ಸನ್ಯಾಸಿ-ಯೋಧರ ಕೈಯಲ್ಲಿತ್ತು. ಅದರ ಪಕ್ಕದ ಸಣ್ಣ ಮಸೀದಿಯನ್ನೂ ಚರ್ಚು ಮಾಡಿಕೊಂಡಿದ್ದರು. ಉಸಾಮಾ ಅಲ್ಲಿಗೆ ಹೋದಾಗಲೆಲ್ಲ ಟೆಂಪ್ಲರ್ ಗೆಳೆಯರು ಆ ಸಣ್ಣ ಜಾಗವನ್ನು ಅವನ ನಮಾಜಿಗೆ ಬಿಟ್ಟುಕೊಡುತ್ತಿದ್ದರು. ಗೆಳೆಯರು ಎಂಬ ಮಾತು ಅವನದೇ. ಒಂದು ದಿನ ಅವನು ನಿಂತು ಪ್ರಾರ್ಥನೆ ಶುರು ಮಾಡಿದ. ಯಾರೋ ಒಬ್ಬ ಫ್ರಾಂಕ್ ಓಡಿಬಂದು, ಅವನನ್ನು ಹಿಡಿದು ಪೂರ್ವಕ್ಕೆ ತಿರುಗಿಸಿ, ಹೀಗೆ ಪ್ರಾರ್ಥಿಸಬೇಕು ಎಂದ. ಟೆಂಪ್ಲರ್‌ಗಳು ಅವನನ್ನು ಎಳೆದುಕೊಂಡು ಹೋದರು. ಅವರ ಗಮನ ಆಚೀಚೆಯಾದದ್ದೇ ತಡ, ಅವನು ಮತ್ತೆ ಬಂದು ಅದನ್ನೇ ಮಾಡಿದ. ಈ ಸಲ ಟೆಂಪ್ಲರ್‌ಗಳು ಅವನನ್ನು ಹೊರಗೇ ಹಾಕಿದರು. ಆಮೇಲೆ ಉಸಾಮಾನ ಹತ್ತಿರ ಕ್ಷಮೆ ಕೇಳಿದರು. ಇವನು ಈಗಷ್ಟೇ ಫ್ರಾಂಕರ ನಾಡಿನಿಂದ ಬಂದವನು, ಪೂರ್ವಕ್ಕೆ ತಿರುಗದೆ ಪ್ರಾರ್ಥಿಸುವವರನ್ನು ಇವನು ನೋಡೇ ಇಲ್ಲ, ಎಂದರು.

ಹೇಳುವಾಗ ಬೋರ್ಡಿನ ಮೇಲೆ ಎರಡು ಬಾಣ ಹಾಕಿ. ಜೆರುಸಲೇಂನಿಂದ ಮೆಕ್ಕಾ ದಕ್ಷಿಣಕ್ಕೆ. ಆ ಕಾಲದ ಕ್ರೈಸ್ತರು ತಿರುಗುತ್ತಿದ್ದದ್ದು ಪೂರ್ವಕ್ಕೆ. ಬಾಣ ಇಲ್ಲದಿದ್ದರೆ ಕತೆಯ ಜೀವ ಹಿಡಿತಕ್ಕೆ ಸಿಗುವುದಿಲ್ಲ. ಆಮೇಲೆ ಒಂದು ಪ್ರಶ್ನೆ ಕೇಳಿ: ಹೊಸಬನಿಗೂ ಹಳಬರಿಗೂ ಏನು ವ್ಯತ್ಯಾಸ? ಇಬ್ಬರೂ ಕ್ರೈಸ್ತರೇ, ಇಬ್ಬರೂ ಹೋರಾಡಲು ಬಂದವರೇ. ಮಕ್ಕಳು ತಾವೇ ಉತ್ತರಕ್ಕೆ ಬರುತ್ತಾರೆ: ಹಳಬರು ಅಕ್ಕಪಕ್ಕ ಬದುಕಿದ್ದರು. ಉಸಾಮಾನ ಮಾತೂ ಅದೇ. ಹೊಸದಾಗಿ ಬಂದ ಫ್ರಾಂಕರು ಒರಟರು, ನಮ್ಮ ಜೊತೆ ಬದುಕಿದವರು ಹಾಗಲ್ಲ ಎಂದು ಬರೆದಿದ್ದಾನೆ. ಹಾಗೆ ಬರೆದವನೇ ಫ್ರಾಂಕರಿಗೆ ಶಾಪವನ್ನೂ ಹಾಕುತ್ತಾನೆ, ಅವರ ವೈದ್ಯವನ್ನು ನೋಡಿ ಬೆಚ್ಚಿಬೀಳುತ್ತಾನೆ. ಅದನ್ನೂ ಸೇರಿಸಿಯೇ ಹೇಳಿ.

ಡಾಮಿಯೆಟ್ಟಾಕ್ಕೆ ಇಡೀ ಒಂದು ಪೀರಿಯಡ್ ಕೊಡಿ

ಇದು ಎಲ್ಲಕ್ಕಿಂತ ದೊಡ್ಡ ಕತೆ. ನಿಧಾನವಾಗಿ ಹೇಳಬೇಕು.

1218ರಲ್ಲಿ ಐದನೇ ಕ್ರುಸೇಡಿನ ಸೈನ್ಯ ಈಜಿಪ್ಟಿನ ಡಾಮಿಯೆಟ್ಟಾಕ್ಕೆ ಮುತ್ತಿಗೆ ಹಾಕಿತು. ಈಜಿಪ್ಟನ್ನು ಹಿಡಿದರೆ ಜೆರುಸಲೇಂ ತಾನಾಗಿ ಬರುತ್ತದೆ ಎಂಬುದು ಅವರ ಲೆಕ್ಕ. ಅದೇ ವರ್ಷ ಆಗಸ್ಟಿನಲ್ಲಿ ಸುಲ್ತಾನ ಅಲ್-ಆದಿಲ್ ತೀರಿಕೊಂಡ. ಅವನ ಮಗ ಅಲ್-ಕಾಮಿಲ್‌ಗೆ ರಾಜ್ಯದ ಜೊತೆ ಈ ಯುದ್ಧವೂ ಬಂತು. ಅಲ್-ಕಾಮಿಲ್ ಸಲಾದಿನ್‌ನ ತಮ್ಮನ ಮಗ. ಈಜಿಪ್ಟಿನಿಂದ ಹೊರಟುಹೋದರೆ ಜೆರುಸಲೇಂ ಬಿಟ್ಟುಕೊಡುತ್ತೇನೆ ಎಂದು ಅವನು ಹೇಳಿಕಳಿಸಿದ. ಕ್ರೈಸ್ತ ಸೈನ್ಯದಲ್ಲೇ ಹಲವರಿಗೆ ಇದು ಒಪ್ಪಿಗೆಯಾಗಿತ್ತು. ಪೋಪನ ಪ್ರತಿನಿಧಿ ಕಾರ್ಡಿನಲ್ ಪೆಲಾಜಿಯಸ್ ಒಪ್ಪಲಿಲ್ಲ.

1219ರ ಬೇಸಿಗೆಯಲ್ಲಿ ಇಟಲಿಯ ಕ್ರೈಸ್ತ ಸಂತ, ಅಸಿಸಿಯ ಫ್ರಾನ್ಸಿಸ್ ಆ ಶಿಬಿರಕ್ಕೆ ಬಂದ. ಕಂದು ನಿಲುವಂಗಿಯ ಕಪುಚಿನ್ ಫಾದರ್‌ಗಳನ್ನು ನಿಮ್ಮ ಊರಿನ ಕಡೆ ಮಕ್ಕಳು ನೋಡಿದ್ದರೆ, ಅವರು ಇದೇ ಫ್ರಾನ್ಸಿಸ್‌ನ ಪರಂಪರೆಯವರು ಎಂದು ಹೇಳಿ. ಆಗಸ್ಟ್ 29ರಂದು ಕ್ರೈಸ್ತ ಸೈನ್ಯ ದಾಳಿ ಮಾಡಿ ಕೆಟ್ಟದಾಗಿ ಸೋತಿತು. ಅದಾದ ಮೇಲೆ ಫ್ರಾನ್ಸಿಸ್, ಜೊತೆಗೆ ಇಲ್ಲುಮಿನಾಟೊ ಎಂಬ ಸಂಗಡಿಗ, ಇಬ್ಬರೇ ಬರಿಗೈಯಲ್ಲಿ ಸುಲ್ತಾನನ ಶಿಬಿರದತ್ತ ನಡೆದರು. ಕಾರ್ಡಿನಲ್ ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟನಂತೆ: ಹೋಗುವುದಾದರೆ ಹೋಗಿ, ನಾನು ಕಳಿಸಿದ್ದಲ್ಲ.

ಇಲ್ಲಿ ನಿಲ್ಲಿಸಿ, ಮುಂದೇನಾಯಿತು ಎಂದು ಮಕ್ಕಳಿಗೇ ಬಿಡಿ. ತಲೆ ಕಡಿದರು ಎಂದು ಮುಕ್ಕಾಲು ಪಾಲು ಮಕ್ಕಳು ಹೇಳುತ್ತಾರೆ.

ಆದದ್ದು ಬೇರೆ. ಕಾವಲಿನವರು ಹಿಡಿದು ಸುಲ್ತಾನನ ಮುಂದೆ ನಿಲ್ಲಿಸಿದರು. ಫ್ರಾನ್ಸಿಸ್ ಹೋದದ್ದು ಸುಲ್ತಾನನನ್ನು ಕ್ರೈಸ್ತನಾಗಿ ಮಾಡಲು. ಇದನ್ನು ಮುಚ್ಚಿಡಬೇಡಿ. ಸುಲ್ತಾನ ಕೆಲವು ದಿನ ಅವನ ಮಾತು ಕೇಳಿದ. ಮತ ಬದಲಿಸಲಿಲ್ಲ. ಯಾವ ಧರ್ಮ ದೇವರಿಗೆ ಮೆಚ್ಚುಗೆಯೋ ಅದನ್ನು ದೇವರೇ ತೋರಿಸಲಿ ಎಂದು ನನಗಾಗಿ ಪ್ರಾರ್ಥಿಸು, ಎಂದು ಹೇಳಿ ಕಾವಲು ಕೊಟ್ಟು ವಾಪಸು ಕಳಿಸಿದ. ಇಷ್ಟನ್ನು ಬರೆದವನು ಅಕ್ಕಾದ ಬಿಷಪ್ ಜಾಕ್ ದ ವಿತ್ರಿ. ಅವನು ಅದೇ ಶಿಬಿರದಲ್ಲಿದ್ದವನು.

ಸುಲ್ತಾನನ ಕಡೆಯಿಂದಲೂ ನೋಡುವುದನ್ನು ಕಲಿಸಿ. ಅವನ ಈಜಿಪ್ಟಿನಲ್ಲೇ ಕಾಪ್ಟಿಕ್ ಕ್ರೈಸ್ತರು ತುಂಬಾ ಜನ ಇದ್ದರು. ಕ್ರೈಸ್ತ ಸನ್ಯಾಸಿ ಅವನಿಗೆ ಹೊಸಬನಲ್ಲ. ಹರಕು ಬಟ್ಟೆ, ಉಪವಾಸ, ಬಡತನ, ಇವು ಸೂಫಿಗಳಲ್ಲೂ ಇದ್ದವು. ಫ್ರಾನ್ಸಿಸ್ ಧೈರ್ಯವಂತ, ನಿಜ. ಆದರೆ ಮುತ್ತಿಗೆಯ ನಡುವೆ ಶತ್ರು ಶಿಬಿರದಿಂದ ಬಂದವನನ್ನು ಗೂಢಚಾರ ಎನ್ನದೆ ಕೂರಿಸಿ ಮಾತು ಕೇಳುವುದಕ್ಕೂ ಧೈರ್ಯ ಬೇಕು. ಕತೆ ಹೇಳುವವರು ಈ ಎರಡನೆಯ ಧೈರ್ಯವನ್ನು ಮರೆಯುತ್ತಾರೆ. ನೀವು ಮರೆಯಬೇಡಿ.

ನಮ್ಮ ಭಾಷೆಯಲ್ಲಿ ಇಲ್ಲೊಂದು ಎಚ್ಚರ ಬೇಕು. ಸಂತನಿಗೆ ‘ಅವರು ಬಂದರು’, ಸುಲ್ತಾನನಿಗೆ ‘ಅವನು ಬಂದ’ ಎಂದು ನಾಲಿಗೆ ತಾನಾಗಿ ಹೇಳಿಬಿಡುತ್ತದೆ. ಮಕ್ಕಳು ಅದನ್ನು ಗಮನಿಸುತ್ತಾರೆ. ಇಬ್ಬರಿಗೂ ಬಹುವಚನ ಕೊಡಿ, ಇಲ್ಲವೇ ಇಬ್ಬರಿಗೂ ಏಕವಚನ. ನಾನು ಎಲ್ಲ ರಾಜರಿಗೂ ಸಂತರಿಗೂ ಏಕವಚನವನ್ನೇ ಬಳಸುತ್ತೇನೆ.

ಮುಂದೆ ಚೀಟಿ ಆಟ. ಮೂರು ಚೀಟಿ ಬರೆದು ಗುಂಪುಗಳಿಗೆ ಕೊಡಿ. ಒಂದರಲ್ಲಿ, ಫ್ರಾನ್ಸಿಸ್ ಹೋದ, ಮಾತಾಡಿದ, ಸುಲ್ತಾನ ಕೇಳಿ ಕಳಿಸಿಕೊಟ್ಟ. ಇನ್ನೊಂದರಲ್ಲಿ, ಸುಲ್ತಾನ ಚಿನ್ನ, ಬೆಳ್ಳಿ, ರೇಷ್ಮೆ ಕೊಡಲು ಬಂದ, ಅವರು ಬೇಡವೆಂದು ಊಟ ಮಾತ್ರ ಮಾಡಿದರು. ಮೂರನೆಯದರಲ್ಲಿ, ಬೆಂಕಿ ಹಾಕಿಸಿ, ನಾನು ಅದರೊಳಗೆ ನಡೆಯುತ್ತೇನೆ, ನಿಮ್ಮ ಗುರುಗಳೂ ಬರಲಿ ಎಂದು ಫ್ರಾನ್ಸಿಸ್ ಸವಾಲು ಹಾಕಿದ. ಯಾವುದು ಕೊನೆಗೆ ಬರೆದದ್ದಿರಬಹುದು ಎಂದು ಕೇಳಿ. ಬೆಂಕಿಯ ಕತೆ ಎಂದು ಮಕ್ಕಳು ಬೇಗ ಹಿಡಿದುಬಿಡುತ್ತಾರೆ. ಅದು ಬರುವುದು 1260ರ ದಶಕದಲ್ಲಿ ಫ್ರಾನ್ಸಿಸ್‌ನ ಪರಂಪರೆಯ ಸನ್ಯಾಸಿ ಬೊನವೆಂಚೂರ್ ಬರೆದ ಅವನ ಜೀವನ ಚರಿತ್ರೆಯಲ್ಲಿ. ಭೇಟಿಯಾಗಿ ನಲವತ್ತು ವರ್ಷ ದಾಟಿತ್ತು. ಅಸಿಸಿಯ ಬೆಸಿಲಿಕಾದ ಗೋಡೆಯ ಮೇಲೆ ಚಿತ್ರವಾಗಿ ಉಳಿದದ್ದು ಅದೇ ಬೆಂಕಿ. ಸುಮ್ನೆ ಕೂತು ಮಾತು ಕೇಳಿದ ಇಬ್ಬರನ್ನು ಚಿತ್ರ ಬರೆಯುವುದು ಕಷ್ಟ, ಬೆಂಕಿ ಬರೆಯುವುದು ಸುಲಭ. ಅದೇ ಬೆಸಿಲಿಕಾದಲ್ಲಿ ದಂತದ ಕೊಂಬೊಂದಿದೆ, ಸುಲ್ತಾನ ಕೊಟ್ಟದ್ದು ಎಂಬ ನಂಬಿಕೆ. ಎರಡನೇ ಚೀಟಿಯ ಜೊತೆ ಇದು ಹೊಂದುತ್ತದೆಯೇ ಎಂದು ಕೇಳಿ. ಆ ಚರ್ಚೆ ಗಂಟೆ ಹೊಡೆದರೂ ಮುಗಿಯುವುದಿಲ್ಲ.

ಅರಬ್ ಚರಿತ್ರೆಕಾರರು ಈ ಭೇಟಿಗೆ ಮಹತ್ವ ಕೊಟ್ಟು ಬರೆದಿಲ್ಲ ಎಂಬುದನ್ನೂ ಹೇಳಿ. ಒಬ್ಬರಿಗೆ ದೊಡ್ಡದಾದ ಭೇಟಿ ಇನ್ನೊಬ್ಬರಿಗೆ ದಿನದ ಕೆಲಸಗಳಲ್ಲಿ ಒಂದಾಗಿರಬಹುದು.

ಹಾಗಾದರೆ ಯುದ್ಧ ನಿಂತಿತಾ, ಟೀಚರ್? ಈ ಪ್ರಶ್ನೆ ಬಂದೇ ಬರುತ್ತದೆ. ಇಲ್ಲ. ನವೆಂಬರ್ 5ಕ್ಕೆ ಡಾಮಿಯೆಟ್ಟಾ ಬಿತ್ತು, ಒಳಗಿದ್ದವರಲ್ಲಿ ಬಹಳ ಜನ ಹಸಿವಿನಿಂದ, ರೋಗದಿಂದ ಸತ್ತಿದ್ದರು. ಆದರೆ ಎರಡು ಸಂಗತಿ ಉಳಿದವು, ಅವನ್ನು ಹೇಳಿ. 1221ರಲ್ಲಿ ಫ್ರಾನ್ಸಿಸ್ ತನ್ನ ಸಂಗಡಿಗರಿಗೆ ಬರೆದ ನಿಯಮಾವಳಿಯಲ್ಲಿ, ಮುಸ್ಲಿಮರ ನಡುವೆ ಹೋಗುವವರಿಗೆ ಎರಡು ದಾರಿ ಕೊಟ್ಟ. ಮೊದಲನೆಯದು: ಜಗಳ, ವಾದ ಮಾಡದೆ, ಎಲ್ಲರಿಗೂ ತಗ್ಗಿ ನಡೆದು, ತಾವು ಕ್ರೈಸ್ತರೆಂದು ಹೇಳಿಕೊಂಡು ಬದುಕುವುದು. ಎರಡನೆಯದು: ದೇವರಿಗೆ ಮೆಚ್ಚುಗೆ ಎಂದು ಕಂಡಾಗ ಬೋಧಿಸುವುದು. ಯಾವುದನ್ನು ಮೊದಲು ಇಟ್ಟ ಎಂದು ಮಕ್ಕಳನ್ನು ಕೇಳಿ.

ಇನ್ನೊಂದು ಸುಲ್ತಾನನದು. ಅದೇ 1221ರಲ್ಲಿ ಕ್ರೈಸ್ತ ಸೈನ್ಯ ಕೈರೋ ಕಡೆ ಹೊರಟಿತು. ನೈಲ್ ಉಕ್ಕುವ ಕಾಲ. ಅಲ್-ಕಾಮಿಲ್ ಕಾಲುವೆಗಳ ತೂಬು ತೆಗೆಸಿದ. ಸೈನ್ಯ ನೀರು ಕೆಸರಿನಲ್ಲಿ ಸಿಕ್ಕಿ ಆಗಸ್ಟ್ ಕೊನೆಗೆ ಶರಣಾಯಿತು. ಕೊಂದುಬಿಡಬಹುದಿತ್ತು. ಅವನು ಎಂಟು ವರ್ಷದ ಕದನವಿರಾಮ ಮಾಡಿಕೊಂಡು, ಡಾಮಿಯೆಟ್ಟಾ ವಾಪಸು ಪಡೆದು, ಹಸಿದ ಸೈನ್ಯಕ್ಕೆ ರೊಟ್ಟಿ ಕಳಿಸಿದ. ಆ ಸೈನ್ಯದಲ್ಲಿದ್ದ ಪಾದ್ರಿ, ಪಾಡರ್ಬಾರ್ನ್‌ನ ಆಲಿವರ್, ಇದನ್ನು ಬರೆದಿಟ್ಟಿದ್ದಾನೆ: ನಾವು ಯಾರ ಅಪ್ಪ ಅಮ್ಮಂದಿರನ್ನು, ಮಕ್ಕಳನ್ನು, ಅಣ್ಣ ತಮ್ಮಂದಿರನ್ನು ಕೊಂದೆವೋ ಅವರೇ ತಮ್ಮ ಅನ್ನ ಕೊಟ್ಟು ನಮ್ಮನ್ನು ಬದುಕಿಸಿದರು ಎಂಬ ಅರ್ಥದಲ್ಲಿ. ಈ ಸಾಲನ್ನು ನಾನು ಬೋರ್ಡಿನ ಮೇಲೆ ಬರೆದು, ವಿವರಣೆ ಕೊಡದೆ ಸ್ವಲ್ಪ ಹೊತ್ತು ಬಿಡುತ್ತೇನೆ.

ಮಕ್ಕಳಿಂದಲೇ ಒಪ್ಪಂದ ಮಾಡಿಸಿ

ಜೆರುಸಲೇಂ ಯಾರಿಗೆ ಎಂದು ತೀರ್ಮಾನಿಸಿದ 1229ರ ಜಾಫಾ ಒಪ್ಪಂದವನ್ನು ಉಪನ್ಯಾಸ ಮಾಡಬೇಡಿ, ಮಾಡಿಸಿ. ಒಂದು ಗುಂಪು ಕ್ರುಸೇಡಿಗೆ ಬಂದ ಕ್ರೈಸ್ತ ಚಕ್ರವರ್ತಿ ಎರಡನೇ ಫ್ರೆಡರಿಕ್. ಪೋಪ್ ಅವನಿಗೆ ಬಹಿಷ್ಕಾರ ಹಾಕಿದ್ದಾನೆ, ಇಟಲಿಯಲ್ಲಿ ಅವನ ರಾಜ್ಯಕ್ಕೆ ಪೋಪನ ಸೈನ್ಯ ನುಗ್ಗುತ್ತಿದೆ, ಬೇಗ ಮನೆಗೆ ಹೋಗಬೇಕು, ಬರಿಗೈಯಲ್ಲಿ ಹೋಗುವಂತಿಲ್ಲ. ಇನ್ನೊಂದು ಗುಂಪು ಅಲ್-ಕಾಮಿಲ್. ಡಮಾಸ್ಕಸ್‌ನಲ್ಲಿ ತೀರಿಹೋದ ಸೋದರನ ಮಗನ ಜೊತೆ ಜಗಳ, ಫ್ರಾಂಕರ ಜೊತೆ ಇನ್ನೊಂದು ಯುದ್ಧ ಬೇಡ, ಆದರೆ ಜೆರುಸಲೇಂನ ಪವಿತ್ರ ಮಸೀದಿಗಳನ್ನು ಬಿಟ್ಟುಕೊಟ್ಟರೆ ತನ್ನವರೇ ಸುಮ್ಮನಿರುವುದಿಲ್ಲ. ಹದಿನೈದು ನಿಮಿಷ ಚೌಕಾಸಿ ಮಾಡಲಿ.

ಆಮೇಲೆ ನಿಜವಾದ ಒಪ್ಪಂದ ತೋರಿಸಿ. ಫೆಬ್ರವರಿ 18ರಂದು ಆದದ್ದು. ನಗರ, ಬೆತ್ಲೆಹೆಮ್, ನಜರೆತ್ ಕ್ರೈಸ್ತರಿಗೆ. ಅಲ್-ಅಕ್ಸಾ ಮತ್ತು ಬಂಡೆಯ ಗುಮ್ಮಟ ಇರುವ ಆವರಣ ಮುಸ್ಲಿಮರಿಗೇ. ಅವಧಿ ಹತ್ತು ವರ್ಷ ಚಿಲ್ಲರೆ. ಒಂದೂ ಕದನವಿಲ್ಲದೆ ಆದದ್ದು. ನನ್ನ ಮಕ್ಕಳ ಗುಂಪುಗಳು ಹಲವು ಸಲ ಇದಕ್ಕೆ ತುಂಬಾ ಹತ್ತಿರ ಬಂದಿವೆ.

ಖುಷಿಪಟ್ಟವರು ಯಾರು? ಹೆಚ್ಚು ಜನರಿಲ್ಲ. ಡಮಾಸ್ಕಸ್‌ನ ದೊಡ್ಡ ಮಸೀದಿಯಲ್ಲಿ ಸುಲ್ತಾನನ ವಿರುದ್ಧ ಪ್ರವಚನ ನಡೆಯಿತು, ಜನ ಅತ್ತರು. ಜೆರುಸಲೇಂನ ಕ್ರೈಸ್ತ ಧರ್ಮಗುರುಗಳ ಮುಖ್ಯಸ್ಥ, ಪೇಟ್ರಿಯಾರ್ಕ್, ತನ್ನದೇ ಪವಿತ್ರ ನಗರದಲ್ಲಿ ಪೂಜೆ ನಿಲ್ಲಿಸುವ ಆಜ್ಞೆ ಹೊರಡಿಸಿದ. ಫ್ರೆಡರಿಕ್ ನಗರಕ್ಕೆ ಬಂದ ರಾತ್ರಿ ಅವನಿಗೆ ಬೇಸರವಾದೀತೆಂದು ಅಜಾನ್ ಕೂಗಿಸಲಿಲ್ಲವಂತೆ. ಬೆಳಿಗ್ಗೆ ಅವನು, ನಾನು ಇಲ್ಲಿ ತಂಗಿದ್ದೇ ಅದನ್ನು ಕೇಳಲು ಎಂದನಂತೆ. ಇದನ್ನು ಬರೆದವನು ಮುಸ್ಲಿಂ ಚರಿತ್ರೆಕಾರ ಇಬ್ನ್ ವಾಸಿಲ್. 1244ರಲ್ಲಿ ನಗರ ಮತ್ತೆ ಯುದ್ಧದಲ್ಲಿ ಕೈ ಬದಲಾಯಿತು, ಅದನ್ನೂ ಹೇಳಿ.

ತರಗತಿಯಲ್ಲಿ ಮಾಡಬಾರದ್ದು

ಪಾತ್ರ ಹಂಚುವಾಗ ಮುಸ್ಲಿಂ ಹುಡುಗನಿಗೆ ಸುಲ್ತಾನ, ಕ್ರೈಸ್ತ ಹುಡುಗಿಗೆ ಪಾದ್ರಿ ಎಂದು ಕೊಡಬೇಡಿ. ಚೀಟಿ ಎತ್ತಿಸಿ. ‘ನಿಮ್ಮವರು’, ‘ಅವರವರು’ ಎಂಬ ಮಾತು ಬಂದರೆ ಅಲ್ಲೇ ತಡೆದು ಹೆಸರು ಹೇಳಿಸಿ: ಸಲಾದಿನ್, ರಿಚರ್ಡ್, ಪೆಲಾಜಿಯಸ್. ಎಂಟುನೂರು ವರ್ಷದ ಹಿಂದಿನ ಸೈನ್ಯಕ್ಕೆ ಎರಡನೇ ಬೆಂಚಿನ ಹುಡುಗ ಉತ್ತರ ಕೊಡಬೇಕಾಗಿಲ್ಲ. ಇದರಲ್ಲಿ ನಾನು ಒಂದಿಷ್ಟೂ ಸಡಿಲ ಬಿಡುವುದಿಲ್ಲ.

ಸಲಾದಿನ್ ಒಳ್ಳೆಯವನಾ, ಕೆಟ್ಟವನಾ ಎಂದು ಕೇಳಿದರೆ ಒಂದೇ ಪದದಲ್ಲಿ ಉತ್ತರಿಸಬೇಡಿ. ಅಕ್ಕಾ ಮುತ್ತಿಗೆಯಲ್ಲಿ ಮೂರು ತಿಂಗಳ ಫ್ರಾಂಕ್ ಕೂಸೊಂದನ್ನು ಕಳ್ಳರು ಎತ್ತಿಕೊಂಡು ಹೋಗಿ ಮಾರಿದ್ದರು. ತಾಯಿ ಅಳುತ್ತಾ ಅವನ ಹತ್ತಿರ ಬಂದಳು. ಅವನು ಕೂಸನ್ನು ಹುಡುಕಿಸಿ, ಕೊಂಡವನಿಗೆ ಹಣ ಕೊಟ್ಟು, ತಾಯಿಯ ಮಡಿಲಿಗೆ ಹಾಕಿ ಕುದುರೆ ಮೇಲೆ ಕಳಿಸಿದ. ಪಕ್ಕದಲ್ಲಿದ್ದ ಬಹಾ ಅಲ್-ದೀನ್ ಇದನ್ನು ಬರೆದಿದ್ದಾನೆ. ಆ ಸಲಾದಿನ್‌ನೇ 1187ರಲ್ಲಿ ಬಡವರನ್ನು ಗುಲಾಮರಾಗಿ ಕಳಿಸಿದವನು. ಎದುರಾಳಿ, ಇಂಗ್ಲೆಂಡಿನ ರಾಜ ರಿಚರ್ಡ್ ಕಾಯಿಲೆ ಬಿದ್ದಾಗ ಸಲಾದಿನ್ ಹಣ್ಣು, ಮಂಜುಗಡ್ಡೆ ಕಳಿಸಿದ. 1192ರಲ್ಲಿ ಇಬ್ಬರೂ ಸಂಧಿಗೆ ಬಂದು, ಆಯುಧವಿಲ್ಲದ ಕ್ರೈಸ್ತ ಯಾತ್ರಿಕರಿಗೆ ಜೆರುಸಲೇಂ ದಾರಿ ತೆರೆಯಿತು. ಅದೇ ರಿಚರ್ಡ್ ಹಿಂದಿನ ವರ್ಷ ಅಕ್ಕಾದ ಹೊರಗೆ ಎರಡು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳನ್ನು ಕೊಲ್ಲಿಸಿದ್ದ. ಎರಡೆರಡು ಸಂಗತಿಯನ್ನೂ ಅಕ್ಕಪಕ್ಕ ಬರೆದು, ನೋಟ್ಸಿನಲ್ಲೂ ಹಾಗೇ ಬರೆಸಿ.

ಸಮಯ ಕಡಿಮೆ ಇದ್ದರೆ ಒಪ್ಪಂದದ ಆಟವನ್ನು ಬಿಡಿ, ಇಬ್ನ್ ಜುಬೈರ್‌ನನ್ನು ಮನೆ ಓದಿಗೆ ಕೊಡಿ. ಒಂದೇ ಪೀರಿಯಡ್ ಸಿಗುವುದಾದರೆ ಐದು ನಿಮಿಷ ಯುದ್ಧ, ಹತ್ತು ನಿಮಿಷ ಉಸಾಮಾ, ಉಳಿದದ್ದೆಲ್ಲ ಡಾಮಿಯೆಟ್ಟಾ. ಮನೆಕೆಲಸಕ್ಕೆ ಒಂದೇ ಪ್ರಶ್ನೆ: ಫ್ರಾನ್ಸಿಸ್ ಹೊರಟುಹೋದ ರಾತ್ರಿ ಸುಲ್ತಾನನ ಡೇರೆಯ ಕಾವಲುಗಾರ ತನ್ನ ಮನೆಗೆ ಬರೆದ ಪತ್ರ. ಒಂದು ಪುಟ, ನಾವು ಓದಿದ ಸಂಗತಿಗಳನ್ನು ಬಿಟ್ಟು ಹೊಸ ಘಟನೆ ಸೇರಿಸುವಂತಿಲ್ಲ.